ಹಳೆಯ ಲ್ಯಾಪ್‌ಟಾಪಿನ ಪುನರುಜ್ಜೀವನ

ಯಂತ್ರ ಕೆಟ್ಟರೆ ರಿಪೇರಿಯವನ ಬಳಿಗೆ ಒಯ್ಯುವುದು ಲೋಕರೂಢಿ. ಆದರೆ ಕೈಯಲ್ಲಿ ಕಾಸಿಲ್ಲದಿದ್ದಾಗ ಮನುಷ್ಯನು ಯಂತ್ರದ ಮರ್ಮವನ್ನು ತಾನೇ ಅರಿಯಲು ಹೊರಡುತ್ತಾನೆ. ನನಗೆ ಒದಗಿದ್ದು ಈ ಎರಡನೆಯ ಸ್ಥಿತಿ. ನಾನು ಇತಿಹಾಸದ ವಿದ್ಯಾರ್ಥಿ, ಗಣಕವಿಜ್ಞಾನವನ್ನು ಓದಿದವನಲ್ಲ. ಆದುದರಿಂದ ಈ ಲೇಖನದಲ್ಲಿ ಪಾಂಡಿತ್ಯವನ್ನು ನಿರೀಕ್ಷಿಸಬಾರದೆಂದು ವಾಚಕರಲ್ಲಿ ಮೊದಲೇ ವಿನಂತಿ. ನಾನು ಮಾಡಿದ ತಪ್ಪನ್ನೂ ಅದರಿಂದ ಪಾರಾದ ಬಗೆಯನ್ನೂ ತಿಳಿಸಿದರೆ ಸಹಪಾಠಿಗಳಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂಬ ಆಸೆಯಿಂದ ಲೇಖನಿಯನ್ನು ಹಿಡಿದಿದ್ದೇನೆ.

ನನ್ನ ಲ್ಯಾಪ್‌ಟಾಪು 2012ರಲ್ಲಿ ತಯಾರಾದದ್ದು. ನಮ್ಮಮ್ಮ ಸ್ವಸಹಾಯ ಸಂಘದಲ್ಲಿ ಸಾಲವೆತ್ತಿ, ಯಾರೋ ಬಳಸಿ ಬಿಟ್ಟುದನ್ನು ಕೊಡಿಸಿದಳು. ಅದರ ಕಂತನ್ನು ಇಂದಿಗೂ ವಾರವಾರ ಕಟ್ಟುತ್ತಿದ್ದಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದ ಆ ಯಂತ್ರಕ್ಕೆ ದೇವರ ಗೂಡಿನ ಪಕ್ಕದಲ್ಲಿಯೇ ಸ್ಥಾನ. ಅದರಲ್ಲಿ ನನ್ನ ಅಂತಿಮ ವರ್ಷದ ಪ್ರಬಂಧವಿತ್ತು; ವಿಷಯ, ನಮ್ಮೂರ ಕೆರೆಯ ಚರಿತ್ರೆ. ಪ್ರಬಂಧವನ್ನು ಮತ್ತೆ ಬರೆಯಬಹುದಾಗಿತ್ತು. ಆದರೆ ನಮ್ಮೂರ ನೀರುಗಂಟಿ ತಾತನು ತೂಬು, ಕೋಡಿ, ನೀರಿನ ಸರದಿ ಇವುಗಳ ಬಗ್ಗೆ ಹೇಳಿದ ಹನ್ನೊಂದು ಗಂಟೆಗಳ ಮಾತು ಅದರಲ್ಲಿತ್ತು. ಫೋನಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಸಾಗಿಸಿ, ಫೋನಿನಿಂದ ಅಳಿಸಿಹಾಕಿದ್ದೆನು. ಕಳೆದ ಕಾರ್ತೀಕದಲ್ಲಿ ತಾತನು ತೀರಿಕೊಂಡನು.

ಯಂತ್ರದಲ್ಲಿದ್ದುದು ವಿಂಡೋಸ್ 7. ಇಂತಹ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್ 7ಕ್ಕೆ ಭದ್ರತೆಯ ತಿದ್ದುಪಡಿಗಳು 2020ರ ಜನವರಿ 14ಕ್ಕೇ ನಿಂತುಹೋಗಿದ್ದವು. ಯಂತ್ರವೂ ಎತ್ತಿನಗಾಡಿಯಂತೆ ತೆವಳುತ್ತಿತ್ತು. ಗೆಳೆಯನೊಬ್ಬನ ಪೆನ್‌ಡ್ರೈವಿನಿಂದ ವಿಂಡೋಸ್ 10ನ್ನು ಹಾಕಲು ಒಂದು ಸಂಜೆ ಕುಳಿತೆನು. ಡಿಸ್ಕಿನ ವಿಭಾಗಪಟ್ಟಿ ಹಳೆಯ ಬಗೆಯದು, ಇದರ ಮೇಲೆ ಹಾಕಲಾಗದು ಎಂಬರ್ಥದ ಸೂಚನೆ ಬಂದಿತು. "ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡು ಮಾರಾಯ, ತಾನೇ ಹೋಗುತ್ತೆ" ಎಂದನು ಗೆಳೆಯ. ಸೂಚನೆಯನ್ನು ಪೂರ್ತಿ ಓದದೆ ಸಿ, ಡಿ ಎರಡನ್ನೂ ಅಳಿಸಿದೆನು. ಕಡತಗಳು ನಕಲಾಗುತ್ತಿದ್ದಾಗ ನಡುದಾರಿಯಲ್ಲಿ ದೋಷವೆಂದು ನಿಂತಿತು. ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದು ಬಿಳಿಯ ಗೆರೆ ಮಾತ್ರ ಮಿಣುಕುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನನ್ನಲ್ಲಿ ಸಾರ್ಥಕವಾಯಿತು.

"ಏನಾಯ್ತಪ್ಪಾ ಅದಕ್ಕೆ?" ಎಂದಳು ಅಮ್ಮ. "ಏನಿಲ್ಲ ಕಣಮ್ಮ, ರಿಪೇರಿ ಆಗ್ತದೆ" ಎಂದೆನು. ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ನಮ್ಮ ಕಾಲೇಜಿನ ಮೇಷ್ಟ್ರೊಬ್ಬರಲ್ಲಿ ನಿವೇದಿಸಿಕೊಂಡೆನು. ಅವರ ಮೊದಲ ಮಾತೇ ನನ್ನನ್ನು ಉಳಿಸಿತು: "ಆ ಯಂತ್ರವನ್ನು ಆರಿಸಿಬಿಡಪ್ಪ. ಇನ್ನು ಅದರ ಮೇಲೆ ಒಂದಕ್ಷರವನ್ನೂ ಬರೆಯಬೇಡ." ಈ ಮಾತಿನ ಅರ್ಥವೇನೆಂಬುದನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ.

ಹಾರ್ಡ್‌ಡಿಸ್ಕನ್ನು ಒಂದು ಹೊಲವೆಂದು ಭಾವಿಸಿರಿ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ವಿಭಾಗಪಟ್ಟಿಯೇ ಅದರ ಪಹಣಿ. ಪಹಣಿಯನ್ನು ಹರಿದರೆ ಹೊಲದಲ್ಲಿನ ಬೆಳೆ ಅಳಿಯುವುದಿಲ್ಲ. ಬೆಳೆ ಹಾಳಾಗುವುದು ಇನ್ನೊಬ್ಬನು ನೇಗಿಲು ಹೂಡಿದಾಗ. ಅಂತೆಯೇ ವಿಭಾಗವನ್ನು ಅಳಿಸಿದಾಗ ಅಳಿಯುವುದು ಪಟ್ಟಿಯಲ್ಲಿನ ನಮೂದು ಮಾತ್ರ. ಕಡತಗಳು ಇದ್ದಲ್ಲಿಯೇ ಇರುತ್ತವೆ, ಅವುಗಳ ಮೇಲೆ ಬೇರೊಂದನ್ನು ಬರೆಯುವವರೆಗೆ. ಈ ಮಾತು ಹಾರ್ಡ್‌ಡಿಸ್ಕಿಗೆ ಸಲ್ಲುತ್ತದೆ. ಈಚಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಜಾಗವನ್ನು ಡಿಸ್ಕು ತಾನೇ ಶುದ್ಧಮಾಡಿಬಿಡುವುದುಂಟು. ಅಲ್ಲಿ ಆಸೆ ಕಡಿಮೆ.

ಇನ್ನು ನನ್ನ ಯಂತ್ರವು ಮೊದಲು ತಕರಾರು ತೆಗೆದುದೇಕೆ? ವಿಭಾಗಪಟ್ಟಿಯಲ್ಲಿ ಎರಡು ಬಗೆ. ಎಂಬಿಆರ್ ಎಂಬುದು 1983ರಲ್ಲಿ ಬಂದದ್ದು. ಡಿಸ್ಕಿನ ಮೊದಲ 512 ಬೈಟುಗಳೊಳಗೆ ಅಡಕವಾದದ್ದು. ಅದರಲ್ಲಿ ನಾಲ್ಕು ಮುಖ್ಯ ವಿಭಾಗಗಳಿಗಷ್ಟೇ ಅವಕಾಶ. ಜಿಪಿಟಿ ಎಂಬುದು ಹೊಸದು. ಅದು ತನ್ನ ಪ್ರತಿಯೊಂದನ್ನು ಡಿಸ್ಕಿನ ಕೊನೆಯಲ್ಲಿಯೂ ಇಟ್ಟಿರುತ್ತದೆ. ಯಂತ್ರವನ್ನು ಎಬ್ಬಿಸುವ ಕ್ರಮದಲ್ಲಿಯೂ ಬಯಾಸ್ ಎಂಬ ಹಳೆಯದು, ಯುಇಎಫ್‌ಐ ಎಂಬ ಹೊಸದು ಎಂದು ಎರಡು. 2012ರ ಸುಮಾರಿನ ಅನೇಕ ಲ್ಯಾಪ್‌ಟಾಪುಗಳಿಗೆ ಎರಡು ಕ್ರಮಗಳೂ ಬರುತ್ತವೆ. ನನ್ನ ಡಿಸ್ಕು ಹಳೆಯ ಬಗೆಯದು; ಪೆನ್‌ಡ್ರೈವು ಎದ್ದದ್ದು ಹೊಸ ಕ್ರಮದಲ್ಲಿ. ಅದನ್ನು ಹಳೆಯ ಕ್ರಮದಲ್ಲಿ ಎಬ್ಬಿಸಿದ್ದರೆ ಏನನ್ನೂ ಅಳಿಸಬೇಕಾಗಿರಲಿಲ್ಲ!

ಮೇಷ್ಟ್ರು ತಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಬೇರೊಂದು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಇದರ ಗುಣವೆಂದರೆ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಯಬಲ್ಲದು. ಚಾಲೂ ಮಾಡುವಾಗ ಕೀಲಿಯೊಂದನ್ನು ಒತ್ತಿ, ಯಾವುದರಿಂದ ಏಳಬೇಕೆಂಬ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಬೇಕು. ಎಫ್12, ಎಫ್9, ಎಸ್ಕೇಪ್ ಹೀಗೆ ಕಂಪೆನಿಗೊಂದು ಕೀಲಿ. ಸತ್ತಿತೆಂದುಕೊಂಡಿದ್ದ ಯಂತ್ರವು ಬಣ್ಣದ ಪರದೆಯೊಡನೆ ಎದ್ದು ಕುಳಿತಾಗ ನನಗಾದ ಸಂತೋಷವನ್ನು ಬಣ್ಣಿಸಲಾರೆ. ಮೊದಲು ಡಿಸ್ಕಿನ ಆರೋಗ್ಯವನ್ನು ನೋಡಿದೆವು. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ಒಪ್ಪಿಸಬೇಕು. ನನ್ನದು ನೆಟ್ಟಗಿತ್ತು.

ಆಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನವನ್ನು ಓಡಿಸಿದೆವು. ಇದು ಭೂಮಾಪಕನಂತೆ ಡಿಸ್ಕಿನ ಉದ್ದಕ್ಕೂ ನಡೆದು, ಹಳೆಯ ಗಡಿಕಲ್ಲುಗಳನ್ನು ಹುಡುಕುತ್ತದೆ. ಕೆಲವು ಗಂಟೆಗಳ ಶೋಧನೆಯ ತರುವಾಯ ಡಿ ವಿಭಾಗವು ಕಾಣಿಸಿತು. ಪಿ ಒತ್ತಿದರೆ ಕಡತಗಳ ಪಟ್ಟಿ. ಬೇಕಾದುದನ್ನು ಗುರುತಿಸಿ ಬೇರೊಂದು ಡಿಸ್ಕಿಗೆ ನಕಲು ಮಾಡಬಹುದು. ಮೇಷ್ಟ್ರ ಹೊರ ಹಾರ್ಡ್‌ಡಿಸ್ಕಿಗೆ ಎಲ್ಲವನ್ನೂ ನಕಲಿಸಿದೆವು. ಅದೇ ಡಿಸ್ಕಿಗೆ ನಕಲಿಸಿದ್ದರೆ ಬೆಳೆಯ ಮೇಲೆ ನೇಗಿಲು ಹೂಡಿದಂತಾಗುತ್ತಿತ್ತು. ಸಿ ವಿಭಾಗದ ಮೇಲೆ ಹೊಸ ವಿಂಡೋಸು ಅರ್ಧ ಬರೆದುಬಿಟ್ಟಿದ್ದಿತು. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದು ಸಿ ವಿಭಾಗದಲ್ಲಿಯೇ ಇರುತ್ತದೆಂಬುದು ನನಗೆ ಆಗ ತಿಳಿಯಿತು. ಗೆಳೆಯರ ಚಿತ್ರಗಳಲ್ಲಿ ಬಹುಪಾಲು ಹೋದವು. ಫೋಟೊರೆಕ್ ಎಂಬ ಇನ್ನೊಂದು ಸಾಧನದಿಂದ ಕೆಲವು ಸಿಕ್ಕವು, ಆದರೆ ಹೆಸರಿಲ್ಲದೆ.

ಪ್ರಬಂಧವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಎದೆ ಧಸಕ್ಕೆಂದಿತು. ಆದರೆ ಕಡತವು ಕೆಟ್ಟಿರಲಿಲ್ಲ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ್ದರಿಂದ, ಆ ಶೈಲಿಯಿಲ್ಲದ ಕಡೆ ಹೀಗೆ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿದೊಡನೆ ಕೆರೆ, ಕೋಡಿ, ತೂಬು ಎಲ್ಲವೂ ಮರಳಿ ಬಂದವು.

ಕೊನೆಯದಾಗಿ ಹೊಸ ವ್ಯವಸ್ಥೆಯ ಪ್ರಶ್ನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಅಂಗ ನನ್ನ ಯಂತ್ರದಲ್ಲಿಲ್ಲ. ಆದುದರಿಂದ 4 ಜಿಬಿ ಸ್ಮೃತಿಗೆ ಹಗುರವಾಗಿ ಹೊಂದುವ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೇ ಹಾಕಿದೆವು. ಲಿನಕ್ಸಿನ ತಿರುಳನ್ನು 1991ರಲ್ಲಿ ಬರೆದ ಲೀನಸ್ ಟೋರ್ವಾಲ್ಡ್ಸನು ಆಗ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಮ್ಮಂತೆಯೇ ವಿದ್ಯಾರ್ಥಿ, ವಯಸ್ಸು 21. ಇಳಿಸಿಕೊಂಡ ಕಡತವು ಪೂರ್ಣವಾಗಿದೆಯೇ ಎಂದು ಅದರ 64 ಅಕ್ಷರಗಳ ಮೊತ್ತವನ್ನು ಪ್ರಕಟಿತ ಮೊತ್ತದೊಡನೆ ಹೋಲಿಸಿ ನೋಡಬೇಕು. ನಮ್ಮಪ್ಪನು ಸೊಸೈಟಿಯಲ್ಲಿ ಒತ್ತುವ ಹೆಬ್ಬೆಟ್ಟಿನಂತೆ ಇದು ಒಂದಕ್ಕೊಂದು ತಾಳೆಯಾಗಲೇಬೇಕು. ಗೆಳೆಯನ ಪೆನ್‌ಡ್ರೈವಿನಲ್ಲಿದ್ದ ಪ್ರತಿಯು ಅಪೂರ್ಣವೆಂಬುದು ಈ ಪರೀಕ್ಷೆಯಿಂದಲೇ ಹೊರಬಿದ್ದಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗದಿರಲಿ ಎಂದು ಸಹಪಾಠಿಗಳಿಗೆ ಹೇಳುವುದಿಷ್ಟು. ಒಂದು ಪ್ರತಿಯನ್ನು ಎಂದಿಗೂ ಬೇರೆ ಕಡೆ ಇಟ್ಟಿರಿ. ಸೂಚನೆಯನ್ನು ಪೂರ್ತಿ ಓದದೆ ಗುಂಡಿಯನ್ನು ಒತ್ತಬೇಡಿರಿ. ಕೆಟ್ಟಾಗ ಮೊದಲು ಕಡತಗಳ ರಕ್ಷಣೆ, ಆಮೇಲೆ ಯಂತ್ರದ ದುರಸ್ತಿ. ಈ ಕ್ರಮ ತಪ್ಪಬಾರದು.

ಮನೆಗೆ ಬಂದು ತಾತನ ಧ್ವನಿಯನ್ನು ಹಾಕಿದೆನು. ಅಡಿಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ತಾತನು ಕೆಳಗದ್ದೆಗಳಿಗೆ ಯಾವ ದಿನ ಯಾರ ಸರದಿ ಎಂದು ಲೆಕ್ಕ ಹೇಳುತ್ತಿದ್ದನು. "ನಮ್ಮ ಸರದಿ ಬುಧವಾರ, ಸರಿಯಾಗಿ ಹೇಳ್ತಾನೆ ನೋಡು" ಎಂದಳು ಅಮ್ಮ.