ನಡಿಗೆಯ ಲೆಕ್ಕ

ನಡೆಯುವುದಕ್ಕಿಂತ ಸಾಮಾನ್ಯವಾದ ಕ್ರಿಯೆ ಮತ್ತೊಂದಿಲ್ಲ. ಸಂಜೆಯ ಮಬ್ಬಿನಲ್ಲಿ ಮುಖ ಕಾಣುವ ಮೊದಲೇ, ಬರುತ್ತಿರುವವರು ಇಂಥವರೆಂದು ಅವರ ನಡಿಗೆಯಿಂದಲೇ ನಾವು ಹೇಳಬಲ್ಲೆವು. ಆದರೆ ಆ ನಡಿಗೆಯಲ್ಲಿ ಅಂಥ ವಿಶೇಷವೇನಿದೆಯೆಂದು ಕೇಳಿದರೆ ತಡವರಿಸುತ್ತೇವೆ. ಹಿಮ್ಮಡಿ ನೆಲವನ್ನು ಯಾವಾಗ ಮುಟ್ಟಿತು, ಮೊಣಕಾಲು ಎಷ್ಟು ಬಾಗಿತು, ತೋಳು ಎಷ್ಟು ಬೀಸಿತು ಎಂಬುದನ್ನೆಲ್ಲ ಕಣ್ಣು ನೋಡುತ್ತದೆ, ಅಳೆಯಲಾರದು.

ಅಳೆಯಲು ಹೊರಟವರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೇ ಪ್ರಮುಖನು. ಪಾದರಕ್ಷೆಯ ಅಡಿಯಲ್ಲಿ ಗಾಳಿ ತುಂಬಿದ ರಬ್ಬರಿನ ಗೂಡೊಂದನ್ನು ಅವನು ಅಳವಡಿಸಿದನು. ಪಾದ ನೆಲವನ್ನೊತ್ತಿದಾಗ ಆ ಗಾಳಿ ಕೊಳವೆಯ ಮೂಲಕ ಮೇಲೇರಿ, ಓಡುವವನ ಕೈಯಲ್ಲಿದ್ದ ಪುಟ್ಟ ಯಂತ್ರದ ಮುಳ್ಳನ್ನು ಅಲುಗಿಸುತ್ತಿತ್ತು. ಮಸಿ ಹಿಡಿಸಿದ ಕಾಗದದ ಮೇಲೆ ಆ ಮುಳ್ಳು ಗೆರೆಯೆಳೆಯುತ್ತಿತ್ತು. 1873ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ಸಾಧನದ ಚಿತ್ರವಿದೆ. ಮನುಷ್ಯನು ತನ್ನ ಚಲನೆಯ ದಾಖಲೆಯನ್ನು ತಾನೇ ಹೊತ್ತು ಓಡಿದ ಆ ಯುಕ್ತಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮುಂದೆ 1891ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಬ್ರೌನೆ ಮತ್ತು ಫಿಷರ್ ಎಂಬ ವಿದ್ವಾಂಸರು ವ್ಯಕ್ತಿಯೊಬ್ಬನ ಕೈಕಾಲುಗಳಿಗೆ ಮಿಂಚುವ ವಿದ್ಯುತ್ ನಳಿಗೆಗಳನ್ನು ಕಟ್ಟಿ, ಕತ್ತಲಲ್ಲಿ ನಡೆಸಿ, ಛಾಯಾಚಿತ್ರ ತೆಗೆದರು. ಕೆಲವೇ ಹೆಜ್ಜೆಗಳ ಆ ನಡಿಗೆಯ ಗಣಿತ ಮುಗಿಯಲು ವರ್ಷಗಳೇ ಹಿಡಿದವು.

ಈಗ ಈ ಕೆಲಸವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಸಂವೇದಕಗಳು ಮಾಡುತ್ತವೆ. ಅವನ್ನು ಪಟ್ಟಿಗಳಿಂದ ಮೈಗೆ ಬಿಗಿಯುತ್ತಾರೆ. ನೆದರ್ಲೆಂಡ್ಸಿನ ಎಕ್ಸ್‌ಸೆನ್ಸ್ ಸಂಸ್ಥೆಯ ಉಡುಪಿನಲ್ಲಿ ತಲೆಯಿಂದ ಪಾದದವರೆಗೆ ಇಂಥ 17 ಸಂವೇದಕಗಳಿರುತ್ತವೆ. ಪ್ರತಿಯೊಂದರಲ್ಲೂ ಸಿಲಿಕಾನಿನಲ್ಲಿ ಕೆತ್ತಿದ ಅತಿ ಸೂಕ್ಷ್ಮವಾದ ಭಾಗಗಳಿವೆ. ನಿಂತಿದ್ದ ಬಸ್ಸು ಥಟ್ಟನೆ ಹೊರಟಾಗ ನಾವು ಹಿಂದಕ್ಕೆ ವಾಲುತ್ತೇವಲ್ಲವೆ? ಹಾಗೆಯೇ ಕಾಲು ಚಲಿಸಿದಾಗ ಸಂವೇದಕದೊಳಗಿನ ಕಿರುತೂಕವೊಂದು ವಾಲುತ್ತದೆ. ಆ ವಾಲುವಿಕೆಯಿಂದ ವೇಗೋತ್ಕರ್ಷ ತಿಳಿಯುತ್ತದೆ. ಸದಾ ಕಂಪಿಸುತ್ತಿರುವ ಮತ್ತೊಂದು ಭಾಗ, ಅಂಗವು ತಿರುಗಿದಾಗ ಪಕ್ಕಕ್ಕೆ ಸರಿಯುತ್ತದೆ. ಇದು ಗೈರೊಸ್ಕೋಪಿನ ಕೆಲಸ. ದಿಕ್ಸೂಚಿಯಂತೆ ಭೂಮಿಯ ಕಾಂತಕ್ಷೇತ್ರವನ್ನು ಅರಿಯುವ ಭಾಗವೂ ಉಂಟು. ಕಬ್ಬಿಣದ ಮಂಚವೊಂದು ಹತ್ತಿರವಿದ್ದರೆ ಸಾಕು, ಅದು ದಾರಿ ತಪ್ಪುತ್ತದೆ!

ಇಲ್ಲೊಂದು ತೊಡಕಿದೆ. ತಾನು ಎಲ್ಲಿದ್ದೇನೆಂಬುದು ಸಂವೇದಕಕ್ಕೆ ತಿಳಿಯದು. ವೇಗದಲ್ಲಾದ ಬದಲಾವಣೆಯಷ್ಟೇ ಅದರ ಅರಿವಿಗೆ ಬರುವುದು. ಬದಲಾವಣೆಗಳನ್ನು ಕೂಡಿ ವೇಗವನ್ನೂ, ವೇಗದಿಂದ ದೂರವನ್ನೂ ಗಣಕವೇ ಕಂಡುಹಿಡಿಯಬೇಕು. ಅಳತೆಯಲ್ಲಿ ಕಿಂಚಿತ್ ತಪ್ಪಿದ್ದರೂ ಅದು ಕೂಡುತ್ತಲೇ ಹೋಗುತ್ತದೆ. ವೇಗೋತ್ಕರ್ಷದಲ್ಲಿ ಕೇವಲ 0.01 ಮೀ/ಸೆ² ತಪ್ಪಿದೆಯೆಂದು ಭಾವಿಸಿರಿ. ನೀವು ವಿಜ್ಞಾನದಲ್ಲಿ ಕಲಿಯುವ ಚಲನೆಯ ಸೂತ್ರದಂತೆ ಕಾಲದ ವರ್ಗದಿಂದ ಅದನ್ನು ಗುಣಿಸಿ ಅರ್ಧಮಾಡಿ ನೋಡಿರಿ. 10 ಸೆಕೆಂಡಿನಲ್ಲಿ ಅರ್ಧ ಮೀಟರ್, ಒಂದು ನಿಮಿಷದಲ್ಲಿ 18 ಮೀಟರ್! ನಿಂತಲ್ಲೇ ನಿಂತಿರುವ ಮನುಷ್ಯನು ಗಣಕದ ಪರದೆಯ ಮೇಲೆ ಗೋಡೆಯನ್ನು ದಾಟಿ ಹೋಗಿರುತ್ತಾನೆ.

ಇದಕ್ಕೆ ಪರಿಹಾರ ದೊರೆತದ್ದು ನಮ್ಮ ಪಾದದಲ್ಲಿಯೇ. ನಡೆಯುವಾಗ ದೇಹವೆಲ್ಲ ಮುಂದೆ ಸಾಗುತ್ತಿದ್ದರೂ, ಪ್ರತಿ ಹೆಜ್ಜೆಯಲ್ಲೂ ನೆಲಕ್ಕೂರಿದ ಪಾದವು ಕ್ಷಣಕಾಲ ನಿಶ್ಚಲವಾಗಿರುತ್ತದೆ. ಆ ಕ್ಷಣ ಪಾದದ ವೇಗ ಸೊನ್ನೆಯಾಗಿರಲೇಬೇಕು. ಲೆಕ್ಕದಲ್ಲಿ ಬೇರೇನಾದರೂ ಕಂಡರೆ ಅದು ಕೂಡಿಬಂದ ತಪ್ಪೆಂದು ತಿಳಿದು ಗಣಕವು ಅದನ್ನು ಅಳಿಸುತ್ತದೆ. ಹೀಗೆ ತಪ್ಪು ಪೂರ್ತಿಯಾಗಿ ಹೋಗದಿದ್ದರೂ ಬೆಟ್ಟವಾಗಿ ಬೆಳೆಯುವುದಿಲ್ಲ. ಮೇಲು-ಕೆಳಗುಗಳನ್ನು ತಿದ್ದಲು ಗುರುತ್ವಾಕರ್ಷಣೆ ನೆರವಾಗುತ್ತದೆ. ಮೂಳೆಗಳ ಉದ್ದವನ್ನು ಮೊದಲೇ ಅಳೆದು ತಿಳಿಸಿರುವುದರಿಂದ, ಪಾದದ ನೆಲೆಯಿಂದ ಮೊಣಕಾಲು, ಸೊಂಟ, ಹೆಗಲುಗಳ ನೆಲೆಗಳು ಒಂದೊಂದಾಗಿ ಸಿದ್ಧವಾಗುತ್ತವೆ.

ಚಲನಚಿತ್ರದ ಬೊಂಬೆಗಳನ್ನು ಕುಣಿಸಲು ಈ ಉಡುಪನ್ನು ಬಳಸುವುದುಂಟು. ಆದರೆ ಅದಕ್ಕಿಂತ ಹಿರಿದಾದ ಉಪಯೋಗ ಇರುವುದು ವೈದ್ಯದಲ್ಲಿ. ಜೇಮ್ಸ್ ಪಾರ್ಕಿನ್ಸನ್ ಎಂಬ ಇಂಗ್ಲೆಂಡಿನ ವೈದ್ಯನು 1817ರಲ್ಲಿ ವರ್ಣಿಸಿದ ನಡುಕದ ಕಾಯಿಲೆಯಲ್ಲಿ ಹೆಜ್ಜೆಗಳು ಕಿರಿದಾಗುತ್ತವೆ. ತೋಳಿನ ಬೀಸು ಕುಗ್ಗುತ್ತದೆ. ಬಾಗಿಲು ದಾಟುವಾಗ ಅಥವಾ ತಿರುಗುವಾಗ ಪಾದ ಒಮ್ಮೆಲೇ ನೆಲಕ್ಕೆ ಅಂಟಿದಂತಾಗಿ ರೋಗಿ ಮುಗ್ಗರಿಸಿ ಬೀಳಬಹುದು. ವಿಚಿತ್ರವೆಂದರೆ, ವೈದ್ಯರೆದುರು ಎಚ್ಚರವಹಿಸಿ ನಡೆಯುವಾಗ ಈ ತೊಂದರೆ ಅನೇಕ ವೇಳೆ ತಲೆಹಾಕುವುದೇ ಇಲ್ಲ! ಕ್ಯಾಮೆರಾಗಳಿರುವ ಪ್ರಯೋಗಶಾಲೆಗೆ ಕರೆದೊಯ್ದರೂ ಅಷ್ಟೆ. ಅಡಿಗೆಮನೆಯಿಂದ ನಡುಮನೆಗೆ ಬರುವಾಗಿನ ನಿಜವಾದ ನಡಿಗೆ ಬೇಕಾದರೆ, ಅಳೆಯುವ ಸಾಧನವೇ ರೋಗಿಯೊಡನೆ ಮನೆಗೆ ಹೋಗಬೇಕು. ಕಾಲಿಗೂ ಸೊಂಟಕ್ಕೂ ಕಟ್ಟಿದ ಎರಡು ಮೂರು ಸಂವೇದಕಗಳಿಂದ ಹೆಜ್ಜೆ ಎಲ್ಲಿ ತಡೆಯಿತು, ಔಷಧ ಸೇವಿಸಿದ ಮೇಲೆ ಎಷ್ಟು ಸುಧಾರಿಸಿತು ಎಂಬುದು ವೈದ್ಯರಿಗೆ ತಿಳಿಯುತ್ತದೆ.

ಮಬ್ಬಿನಲ್ಲಿ ನಡಿಗೆಯಿಂದ ನಾವು ಗುರುತು ಹಿಡಿಯುವಂತೆ ಗಣಕವೂ ಹಿಡಿಯಬಲ್ಲುದು. ಆದುದರಿಂದ ಈ ದಾಖಲೆಯಿಂದ ಹೆಸರನ್ನು ಅಳಿಸಿದ ಮಾತ್ರಕ್ಕೆ ರೋಗಿಯ ಗುಟ್ಟು ಉಳಿಯುವುದೆಂದು ನಂಬಲಾಗದು. ಸಂಶೋಧನೆಗಾಗಿ ಸಂವೇದಕವನ್ನು ಕಟ್ಟುವ ಮೊದಲು ಅದರ ಉದ್ದೇಶವನ್ನು ವಿವರಿಸಿ, ರೋಗಿಯ ಒಪ್ಪಿಗೆಯನ್ನು ಬರೆಹದಲ್ಲಿ ಪಡೆಯುವ ನಿಯಮವಿರುವುದು ಈ ಕಾರಣದಿಂದಲೂ ಹೌದು.