ಹಳೆಯ ಜೀಪಿನ ಕಾರ್ಬೊರೇಟರು: ಬಿಗಿದುಕೊಂಡ ತಿರುಪುಗಳನ್ನು ಬಿಡಿಸುವ ಕ್ರಮ

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಹಳೆಯ ಪೆಟ್ರೋಲು ಜೀಪುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. 1941ರಿಂದ 1945ರವರೆಗೆ ಅಮೆರಿಕೆಯಲ್ಲಿ ಯುದ್ಧಕಾರ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನಲ್ಲಿಯೂ, 1945ರಲ್ಲಿ ಬೇಸಾಯಗಾರರನ್ನು ಉದ್ದೇಶಿಸಿ ಹೊರಬಂದ ಸಿ.ಜೆ.-2ಎ ಮಾದರಿಯಲ್ಲಿಯೂ ಇದ್ದುದು ಕಾರ್ಟರ್ ಕಾರ್ಬೊರೇಟರು. ಗಾಳಿಯನ್ನೂ ಪೆಟ್ರೋಲನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಎಂಜಿನ್ನಿಗೆ ಒದಗಿಸುವುದು ಇದರ ಕೆಲಸ. ಗಾಡಿಯು ವರ್ಷಗಟ್ಟಲೆ ನಿಂತರೆ ಪೆಟ್ರೋಲು ಆರಿ, ಅಂಟಾಗಿ, ಜೆಟ್‌ಗಳ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಆಗ ಕಾರ್ಬೊರೇಟರನ್ನು ಬಿಚ್ಚಿ ಶುಚಿಗೊಳಿಸದೆ ಗತ್ಯಂತರವಿಲ್ಲ. ಈ ಕಾರ್ಯದಲ್ಲಿ ಒಂದು ಸಣ್ಣ ತಿರುಪಿನ ಮೇಲೆ ತೋರಿದ ಆತುರದಿಂದ ಇಡೀ ಕಾರ್ಬೊರೇಟರು ನಿರುಪಯೋಗಿಯಾಗುವುದುಂಟು.

ತಿರುಪು ಬಿಗಿದುಕೊಳ್ಳಲು ಕಾರಣವಿದೆ. ಇಂತಹ ಕಾರ್ಬೊರೇಟರಿನ ಮೇಲ್ಭಾಗವನ್ನು ಸತುವು ಪ್ರಧಾನವಾದ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ತಿರುಪುಗಳು ಉಕ್ಕಿನವು, ಜೆಟ್‌ಗಳು ಹಿತ್ತಾಳೆಯವು. ಭಿನ್ನಲೋಹಗಳು ಕೂಡಿರುವೆಡೆಯಲ್ಲಿ ತೇವವು ಸೇರಿದರೆ ಸತುವು ಬೇಗನೆ ಸವೆದು ಬಿಳಿಯ ಪುಡಿಯಾಗುತ್ತದೆ; ಉಕ್ಕೂ ತುಕ್ಕು ಹಿಡಿಯುತ್ತದೆ. ಇವೆರಡೂ ಮೂಲ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ತಿರುಪು ಬೆಣೆ ಹೊಡೆದಂತೆ ನಿಲ್ಲುತ್ತದೆ.

ಮೊದಲು ಪೆಟ್ರೋಲನ್ನು ಪೂರ್ಣವಾಗಿ ಬಸಿದು, ಕಾರ್ಬೊರೇಟರನ್ನು ಬಯಲಿನಲ್ಲಿಟ್ಟು ಆರಿಸತಕ್ಕದ್ದು. ಬೀಡಿ, ಒಲೆ, ದೀಪ ಯಾವುದೂ ಸಮೀಪದಲ್ಲಿರಕೂಡದು. ಬಳಿಕ ತಿರುಪಿನ ತಲೆಯ ಗೀರಿನಲ್ಲಿರುವ ಕೊಳೆಯನ್ನು ಸೂಜಿಯಿಂದ ಕೆರೆದು ತೆಗೆಯಬೇಕು. ತಿರುಪುಳಿಯ ಬಾಯಿ ಗೀರಿನಷ್ಟೇ ಅಗಲವಾಗಿಯೂ ದಪ್ಪವಾಗಿಯೂ ಇರಬೇಕು. ಸಡಿಲವಾದ ತಿರುಪುಳಿಯಿಂದ ಗೀರು ಹರಿದರೆ ಮುಂದೆ ಹಿಡಿತವೇ ಸಿಗದು.

ಸೀಮೆಎಣ್ಣೆಯನ್ನಾಗಲಿ, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನಾಗಲಿ ತಿರುಪಿನ ಬುಡಕ್ಕೆ ತೊಟ್ಟುತೊಟ್ಟಾಗಿ ಬಿಟ್ಟು ಒಂದೆರಡು ದಿನ ನೆನೆಯಗೊಡಬೇಕು. ಅನಂತರ ತಿರುಪುಳಿಯನ್ನು ಗೀರಿನಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ಹಿಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಈ ಅದುರಿಗೆ ಪುಡಿಯು ಒಡೆದು ಎಣ್ಣೆಯು ಒಳಕ್ಕಿಳಿಯುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಬಳಿಕ ಸಡಿಲಿಸುವ ದಿಕ್ಕಿಗೆ ತಿರುಗಿಸುವುದು ಲೇಸು.

ಇದಕ್ಕೂ ಜಗ್ಗದಿದ್ದರೆ ಶಾಖದ ನೆರವು ಪಡೆಯಬೇಕು. ಕಾಯಿಸಿದಾಗ ಈ ಸತುವಿನ ಮಿಶ್ರಲೋಹವು ಉಕ್ಕಿನ ಎರಡರಷ್ಟಕ್ಕಿಂತಲೂ ತುಸು ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ತಿರುಪಿನ ಸುತ್ತಲಿನ ರಂಧ್ರವು ಸಡಿಲವಾಗುತ್ತದೆ. ಇದಕ್ಕೆ ಕುದಿಯುವ ನೀರೇ ಸಾಕು. ಒಲೆಯಿಂದ ದೂರಕ್ಕೆ ತಂದ ನೀರನ್ನು ತಿರುಪಿನ ಸುತ್ತ ಹೊಯ್ದು, ಬಿಸಿಯಾರುವುದರೊಳಗೆ ತಿರುಗಿಸಿ ನೋಡಬೇಕು. ಬೆಂಕಿಯ ಜ್ವಾಲೆಯನ್ನು ಮಾತ್ರ ತಾಗಿಸಕೂಡದು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಈ ಮಿಶ್ರಲೋಹವಾದರೋ ಸುಮಾರು 380 ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ. ಉಕ್ಕು ಕೆಂಪೇರುವ ಮುನ್ನವೇ ಎರಕವು ಕುಸಿದು ಹೋಗುವುದು.

ಥ್ರಾಟಲ್ ತಟ್ಟೆಯನ್ನು ಹಿಡಿದಿರುವ ಸಣ್ಣ ತಿರುಪುಗಳ ವಿಷಯವೇ ಬೇರೆ. ಅವು ಕಳಚಿ ಎಂಜಿನ್ನಿನೊಳಕ್ಕೆ ಬೀಳದಿರಲೆಂದು ಅವುಗಳ ತುದಿಯನ್ನು ಬೇಕೆಂದೇ ತಟ್ಟಿ ಅಗಲಿಸಿರುತ್ತಾರೆ. ಆ ತುದಿಯನ್ನು ಅರದಿಂದ ಉಜ್ಜಿ ತೆಗೆಯದೆ ತಿರುಗಿಸಿದರೆ ತಿರುಪು ಮುರಿಯುವುದು ಅಥವಾ ದಂಡವು ಕೆಡುವುದು. ದಂಡವು ಸಡಿಲವಾಗಿ ಅಲುಗಾಡದಿದ್ದರೆ ಈ ತಿರುಪುಗಳನ್ನು ಮುಟ್ಟದಿರುವುದೇ ಜಾಣತನ. ಬಿಚ್ಚಿದ ಪಕ್ಷದಲ್ಲಿ ಹೊಸ ತಿರುಪುಗಳನ್ನೇ ಹಾಕಿ, ಅವುಗಳ ತುದಿಯನ್ನು ಮರಳಿ ಭದ್ರಪಡಿಸಬೇಕು.

ತಿರುಪಿನ ತಲೆ ಮುರಿದುಹೋದರೆ, ಉಳಿದ ಭಾಗದ ನಟ್ಟನಡುವೆ ಗುರುತು ಹೊಡೆದು ಸಣ್ಣ ಬೈರಿಗೆಯಿಂದ ಕೊರೆಯಬೇಕಾಗುತ್ತದೆ. ಉಕ್ಕು ಗಟ್ಟಿ, ಸುತ್ತಲಿನ ಲೋಹ ಮೆದು; ಬೈರಿಗೆಯು ಮೆದುವಿನ ಕಡೆಗೆ ಜಾರುವುದು ಸಹಜ. ಆದುದರಿಂದ ಈ ಕೆಲಸವನ್ನು ನುರಿತ ಕಾರ್ಖಾನೆಯವರಿಗೆ ಒಪ್ಪಿಸುವುದು ಕ್ಷೇಮ. ಕೂಲಿಯ ವೆಚ್ಚ ಅಲ್ಪ. ಹಳೆಯ ಎರಕವು ಒಡೆದರೆ ಅದೇ ಜಾತಿಯದನ್ನು ಹುಡುಕುವ ಶ್ರಮ ಬಹಳ.

ಮರಳಿ ಜೋಡಿಸುವಾಗ ತಿರುಪುಗಳಿಗೆ ತೆಳುವಾಗಿ ಎಣ್ಣೆ ಸವರಿ, ಹೊಸ ಗ್ಯಾಸ್ಕೆಟ್ ಇಟ್ಟು, ಎದುರುಬದುರಾಗಿ ಸಮನಾಗಿ ಬಿಗಿಯತಕ್ಕದ್ದು. ಗಾಡಿಯನ್ನು ಮಳೆಗಾಲವಿಡೀ ನಿಲ್ಲಿಸುವುದಾದರೆ ಕಾರ್ಬೊರೇಟರಿನ ಪೆಟ್ರೋಲನ್ನು ಬಸಿದಿಡಬೇಕು. ಇಷ್ಟು ಎಚ್ಚರಿಕೆಯಿದ್ದರೆ ಮುಂದಿನ ಸಲ ಬಿಚ್ಚುವವರಿಗೆ ಈ ತೊಡಕು ಬಹುಮಟ್ಟಿಗೆ ತಪ್ಪುವುದು.