ಯುಗಾದಿಯ ಬೇವು ಬೇಸಿಗೆಗೆಲ್ಲ ಬೇಕು

ಮೈಸೂರು ಕಡೆಯವರು ಯುಗಾದಿಯಂದು ಬೇವು-ಬೆಲ್ಲ ತಿನ್ನುತ್ತಾರೆ. ಮಲಪ್ರಭೆಯ ದಂಡೆಯವರು ಬೇವು ಕುಡಿಯುತ್ತಾರೆ. ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ಬೈಲಹೊಂಗಲದ ಕಡೆ ‘ಬೇವು’ ಎಂದರೆ ಒಂದು ಚಿಟಿಕೆ ಎಲೆಯಲ್ಲ, ಲೋಟ ತುಂಬ ಪಾನಕ. ಹುಣಸಿ ಹಣ್ಣಿನ ರಸಕ್ಕೆ ಬೆಲ್ಲ ಕರಗಿಸಿ, ಪುಟಾಣಿ ಹಿಟ್ಟು ಕದಡಿ, ಏಲಕ್ಕಿ, ಮಾವಿನಕಾಯಿ ತುರಿ, ಬಾಳೆಹಣ್ಣು, ಹಸಿ ದ್ರಾಕ್ಷಿ, ಉತ್ತತ್ತಿ, ಗೋಡಂಬಿ, ಒಣದ್ರಾಕ್ಷಿ ಸೇರಿಸಿ, ಮೇಲೆ ಬೇವಿನ ಹೂವು ಉದುರಿಸುತ್ತಾರೆ. ಮನೆಗೆ ಬಂದವರಿಗೆಲ್ಲ ಅಂದು ಇದೇ ಉಪಚಾರ. ಮರುದಿನದಿಂದ ಅದರ ಸುದ್ದಿಯೇ ಇಲ್ಲ. ಬಿಸಿಲು ಏರುವುದು ಯುಗಾದಿಯ ನಂತರ. ಮದುವೆ, ಸೀಮಂತ, ಬಸವ ಜಯಂತಿ, ಊರ ಜಾತ್ರೆಗಳೂ ಆಮೇಲೆಯೇ. ಅಷ್ಟು ಹೊತ್ತಿಗೆ ಬೇವಿನ ಪಾತ್ರೆ ಅಟ್ಟ ಸೇರಿ, ಪಂಕ್ತಿಯ ತುದಿಯಲ್ಲಿ ಬಣ್ಣದ ಬಾಟಲಿಗಳ ಕ್ರೇಟು ಬಂದು ಕೂತಿರುತ್ತದೆ. ಬೇವು ಒಂದು ಹಬ್ಬದ ಪ್ರಸಾದ ಮಾತ್ರವಲ್ಲ, ಈ ನಾಡಿನ ಬೇಸಿಗೆಯ ಕೂಟಕ್ಕೆ ಹೇಳಿ ಮಾಡಿಸಿದ ಪೇಯ ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಮೊದಲ ಸಾಕ್ಷಿ ದೂರದ ಸ್ಪೇನಿನದು. ಅಲ್ಲಿಯ ಸಾಂಗ್ರಿಯಾ ಇಂದು ಜಗತ್ತಿನ ಬೇಸಿಗೆ ಔತಣಗಳ ಹೆಸರಾಂತ ಪೇಯ. ಸ್ಪ್ಯಾನಿಷ್‌ನಲ್ಲಿ ‘ಸಾಂಗ್ರೆ’ ಎಂದರೆ ರಕ್ತ. ಕೆಂಪು ವೈನಿನ ಬಣ್ಣದಿಂದ ಆ ಹೆಸರು. ಬಿಳಿ ವೈನಿನಲ್ಲಿ ಮಾಡಿದ್ದು ‘ಸಾಂಗ್ರಿಯಾ ಬ್ಲಾಂಕಾ’. ಕೆಂಪು ವೈನಿನ ಒಗರು ಇದರಲ್ಲಿ ಇಲ್ಲದ್ದರಿಂದ ಹಣ್ಣಿನ ಪರಿಮಳಕ್ಕೆ ಇಲ್ಲಿ ಹೆಚ್ಚು ಜಾಗ. 750 ಮಿ.ಲೀ. ಬಾಟಲಿಗೆ ಕಿತ್ತಳೆ, ಲಿಂಬೆ, ಸೇಬಿನ ಹೋಳು, ಎರಡು ಚಮಚ ಸಕ್ಕರೆ ಹಾಕಿ ಮೂರ್ನಾಲ್ಕು ತಾಸು ತಂಪಿನಲ್ಲಿಟ್ಟು, ಕೊಡುವಾಗ ಸೋಡಾ ಬೆರೆಸಿದರೆ ಕೆಲಸ ಮುಗಿಯಿತು. 1964ರ ನ್ಯೂಯಾರ್ಕ್ ವಿಶ್ವಮೇಳದ ಸ್ಪೇನ್ ಮಂಟಪದಿಂದ ಅಮೆರಿಕನ್ನರಿಗೆ ಇದರ ರುಚಿ ಹತ್ತಿತು. 2014ರ ಐರೋಪ್ಯ ಒಕ್ಕೂಟದ ನಿಯಮದಂತೆ ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ತಯಾರಾದದ್ದನ್ನಷ್ಟೇ ಬರೀ ‘ಸಾಂಗ್ರಿಯಾ’ ಎಂಬ ಹೆಸರಿನಿಂದ ಮಾರಬಹುದು. ಹಣ್ಣು ನೆನೆಸಿದ ಮನೆಯ ಪೇಯವೊಂದಕ್ಕೆ ಎರಡು ದೇಶಗಳು ಕಾನೂನಿನ ಬೇಲಿ ಕಟ್ಟಿಕೊಂಡವು. ಅದೇ ಬಗೆಯ ಪೇಯವನ್ನು ನಾವು ವರ್ಷಕ್ಕೆ ಒಂದು ದಿನ ಕುಡಿದು ಮರೆಯುತ್ತೇವೆ.

‘ಅದೇ ಬಗೆ’ ಎಂದದ್ದು ಸುಮ್ಮನೆ ಹೋಲಿಕೆಯ ಆಸೆಗಲ್ಲ. ಎರಡರ ಜೀವಾಳವೂ ಹುಳಿ, ಸಿಹಿ, ಹಣ್ಣು ಮತ್ತು ಕಾಯುವ ತಾಳ್ಮೆ. ಸಿಹಿ ನೀರಿನಲ್ಲಿ ಬಿದ್ದ ಹೋಳು ತನ್ನ ರಸವನ್ನು ನೀರಿಗೆ ಬಿಟ್ಟುಕೊಡುತ್ತದೆ. ಒಣಗಿದ ಉತ್ತತ್ತಿ, ಒಣದ್ರಾಕ್ಷಿಗಳು ನೀರು ಹೀರಿ ಉಬ್ಬುತ್ತವೆ. ಹುಳಿಯು ಹೆಚ್ಚಿದ ಹಣ್ಣು ಕಪ್ಪಾಗುವುದನ್ನು ತಡೆಯುತ್ತದೆ, ಸಿಹಿ ನಾಲಿಗೆಗೆ ಅಂಟದಂತೆ ನೋಡಿಕೊಳ್ಳುತ್ತದೆ. ಸಾಂಗ್ರಿಯಾದಲ್ಲಿ ಕಿತ್ತಳೆ ಸಿಪ್ಪೆ ತರುವ ಸಣ್ಣ ಕಹಿಯನ್ನು ಇಲ್ಲಿ ಬೇವಿನ ಹೂವು ತರುತ್ತದೆ. ವೈನಿನ ಮದ್ಯಾಂಶ ಸಿಪ್ಪೆಯ ಪರಿಮಳವನ್ನು ಬೇಗ ಎಳೆದುಕೊಳ್ಳುತ್ತದೆ, ನಿಜ. ನಮ್ಮ ಪಾನಕದಲ್ಲಿ ಆ ಪರಿಮಳದ ಹೊಣೆ ಏಲಕ್ಕಿಯದು. ಕಾಲವೂ ಕೂಡಿ ಬರುತ್ತದೆ. ಯುಗಾದಿಯ ಹೊತ್ತಿಗೆ ಹೊಸ ಹುಣಸೆ, ಹೊಸ ಬೆಲ್ಲ, ವಿಜಯಪುರದ ದ್ರಾಕ್ಷಿ, ಎಳೆ ಮಾವಿನಕಾಯಿ, ಬೇವಿನ ಹೂವು ಎಲ್ಲ ಒಟ್ಟಿಗೆ ಸಿಗುತ್ತವೆ. ಹಬ್ಬ ಈ ಪೇಯವನ್ನು ಆರಿಸಿಕೊಂಡದ್ದಕ್ಕೆ ಋತುವಿನ ಒಪ್ಪಿಗೆಯೂ ಇತ್ತು.

ಹಬ್ಬದ ವಸ್ತುವನ್ನು ದಿನಬಳಕೆಗೆ ಇಳಿಸಿದರೆ ಅದರ ಬೆಲೆ ಕಳೆಯುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ಹೋಳಿಗೆಯ ಉದಾಹರಣೆ ನೋಡಿ. ಅದು ಹೋಳಿಗೂ ಬೇಕು, ಮದುವೆಗೂ ಬೇಕು, ಬೀಗರು ಬಂದರೂ ಬೇಕು; ಅದರಿಂದ ಹಬ್ಬದ ಹೋಳಿಗೆಯ ಗೌರವವೇನೂ ತಗ್ಗಿಲ್ಲ. ರಾಮನವಮಿಯ ಪಾನಕ, ಕೋಸಂಬರಿಗಳೂ ಮದುವೆಮನೆಗೆ ಬಂದಿವೆ. ಬೇವಿನ ಹೂವು ಹಾಕಿದ ಪಾನಕವನ್ನು ಯುಗಾದಿಗೇ ಮೀಸಲಿಟ್ಟು, ಉಳಿದ ದಿನ ಹೂವಿಲ್ಲದೆ ಮಾಡಿದರೆ ಸಂಪ್ರದಾಯವೂ ಉಳಿಯಿತು, ಬಾಯಾರಿಕೆಯೂ ತೀರಿತು.

ಇನ್ನೊಂದು ಆಕ್ಷೇಪ ಹೊಸ ಕಾಲದ್ದು: ದ್ರಾಕ್ಷಿ ಬೆಳೆಯುವ ರಾಜ್ಯದಲ್ಲಿ ವೈನನ್ನೇ ಏಕೆ ಬಳಸಬಾರದು? 2007ರಲ್ಲಿ ಸರ್ಕಾರವೇ ದ್ರಾಕ್ಷಾರಸ ನೀತಿ ತಂದು, ಅದಕ್ಕೊಂದು ಮಂಡಳಿ ಮಾಡಿತು. ಶೆನಾ ಬ್ಲಾಂಕ್, ಸೊವಿನ್ಯೋ ಬ್ಲಾಂಕ್ ತಳಿಗಳ ಒಳ್ಳೆಯ ಬಿಳಿ ವೈನ್ ನಂದಿಬೆಟ್ಟದ ಸೀಮೆಯಲ್ಲೇ ತಯಾರಾಗುತ್ತದೆ. ಕುಡಿಯುವ ಹಿರಿಯರು ತಮ್ಮ ಕೂಟದಲ್ಲಿ ಬಿಳಿ ಸಾಂಗ್ರಿಯಾ ಮಾಡಿಕೊಂಡರೆ ತಕರಾರೇನಿಲ್ಲ. ಆದರೆ ಊರ ಕೂಟದ ಲೆಕ್ಕ ಬೇರೆ. ಅಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರ ಕೈಗೂ ಒಂದೇ ಲೋಟ ಹೋಗಬೇಕು. ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವೆಂದು ಜನ ನಡೆದುಕೊಳ್ಳುವ ಎಂ.ಕೆ. ಹುಬ್ಬಳ್ಳಿಯಂಥ ಊರಿನಲ್ಲಿ, ಬಸವ ಜಯಂತಿಯ ಪಂಕ್ತಿಗೆ ವೈನು ಒಗ್ಗುವ ಮಾತೇ ಅಲ್ಲ. ರೈತರ ಲಾಭದ ಮಾತಿಗೆ ಬಂದರೂ, ವಿಜಯಪುರದ ಥಾಮ್ಸನ್ ದ್ರಾಕ್ಷಿಯ ಮುಖ್ಯ ದಾರಿ ವೈನಿನದಲ್ಲ. ಅದು ಹಸಿಯಾಗಿ ಮಾರಾಟವಾಗುತ್ತದೆ, ಇಲ್ಲವೇ ಒಣದ್ರಾಕ್ಷಿಯಾಗುತ್ತದೆ. ಬೇವಿಗೆ ಬೇಕಾದದ್ದು ಇವೆರಡೂ. ಇಂಡಿ ತಾಲೂಕಿನ ಲಿಂಬೆ, ಧಾರವಾಡದ ಆಪೂಸು, ನಮ್ಮದೇ ಗಾಣದ ಬೆಲ್ಲಕ್ಕೂ ಅದೇ ಲೋಟದಲ್ಲಿ ಜಾಗವಿದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ವೈದ್ಯರದು: ಬೆಲ್ಲವೂ ಸಕ್ಕರೆಯೇ. ಇದನ್ನು ಒಪ್ಪಲೇಬೇಕು. ಲೀಟರಿಗೆ 150 ಗ್ರಾಂ ಬೆಲ್ಲ ಹಾಕಿದ ಪಾನಕದ ಒಂದು ಲೋಟ, ಅಂದರೆ 200 ಮಿ.ಲೀ., ಕೋಲಾಕ್ಕಿಂತ ಹೆಚ್ಚು ಸಿಹಿಯೇ ಆದೀತು. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಹೀಗಾಗಿ ‘ಬೆಲ್ಲ ದೇಹಕ್ಕೆ ತಂಪು, ಎಷ್ಟಾದರೂ ಕುಡಿಯಿರಿ’ ಎನ್ನುವುದು ಸಲ್ಲದು. ಆದರೆ ಬಾಟಲಿಯ ಸಿಹಿ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಬೇವಿನ ಸಿಹಿ ಮಾಡುವವರ ಕೈಯಲ್ಲಿದೆ. ಹಣ್ಣು ಹೆಚ್ಚಿಸಿ, ಹುಳಿ ಹಿಡಿತದಲ್ಲಿಟ್ಟರೆ ಲೀಟರಿಗೆ 70 ಗ್ರಾಂ ಬೆಲ್ಲ ಸಾಕು. ಲೋಟಕ್ಕೆ 14 ಗ್ರಾಂ ಆಯಿತು. ಸಕ್ಕರೆ ಕಾಯಿಲೆ ಇರುವವರಿಗೆ ಮಜ್ಜಿಗೆಯೇ ಸರಿ.

ಕೆಡುವ ಭಯವೂ ಸುಳ್ಳಲ್ಲ. ಹಣ್ಣಿನ ಸಿಪ್ಪೆಯ ಮೇಲೆ ಸಹಜವಾಗಿಯೇ ಇರುವ ಯೀಸ್ಟ್ ಬಿಸಿಲಿನ ಕಾವಿಗೆ ಚುರುಕಾಗಿ ಬೆಲ್ಲವನ್ನು ಹುದುಗಿಸತೊಡಗುತ್ತದೆ. ವೈನು ಬೇಡವೆಂದು ಬೇವು ಮಾಡಿ, ಸಂಜೆಯವರೆಗೆ ಹೊರಗಿಟ್ಟರೆ ಅದು ತಾನೇ ವೈನಿನ ದಾರಿ ಹಿಡಿದೀತು! ಹಾಗಾಗದಂತೆ ಮಾಡುವ ಬಗೆ ಹೀಗೆ: ಐವತ್ತು ಜನಕ್ಕೆ ಹತ್ತು ಲೀಟರ್ ಲೆಕ್ಕ. ಕಾಯಿಸಿ ಆರಿಸಿದ ನೀರನ್ನು ಹಿಂದಿನ ರಾತ್ರಿಯೇ ಮಣ್ಣಿನ ರಂಜಣಗಿಯಲ್ಲಿ ತುಂಬಿಡಬೇಕು. ನೀರು ಜಿನುಗಿ ಆರುವಾಗ ಒಳಗಿನದು ತಣಿಯುತ್ತದೆ, ಎಲ್ಲಿಯದೋ ಮಂಜುಗಡ್ಡೆಯ ಹಂಗಿಲ್ಲ. 700 ಗ್ರಾಂ ಬೆಲ್ಲ ಕರಗಿಸಿ ಸೋಸಿ, ಹುಣಸಿ ರಸ ಬೆರೆಸಿ, ಒಣಹಣ್ಣು ಮತ್ತು ತೊಳೆದ ದ್ರಾಕ್ಷಿಯನ್ನು ಎರಡು ತಾಸು ಮೊದಲು ಹಾಕಿ. ಬಾಳೆ, ಮಾವು ಕೊಡುವ ತುಸು ಮುನ್ನವಷ್ಟೇ ಬೀಳಲಿ. ಪುಟಾಣಿ ಹಿಟ್ಟು ತಳಕ್ಕಿಳಿದು ಗಟ್ಟಿಯಾಗುವುದರಿಂದ ದೊಡ್ಡ ಕೂಟಕ್ಕೆ ಬಿಡಬಹುದು. ಮೇ ಬಂದು ಹಸಿ ದ್ರಾಕ್ಷಿ ಕಡಿಮೆಯಾದರೆ ಆಪೂಸು, ಕರಬೂಜ ಹಾಕಿ. ಇಷ್ಟೆಲ್ಲ ಕೆಲಸ ಯಾರು ಮಾಡಬೇಕು, ಕ್ರೇಟು ತಂದರೆ ಸುಲಭವಲ್ಲವೇ ಎಂದರೆ, ಹೌದು, ಸುಲಭವೇ. ಆದರೆ ಐವತ್ತು ಜನಕ್ಕೆ ಊಟ ಬೇಯಿಸುವ ಮನೆಗೆ ಹತ್ತು ಲೀಟರ್ ಪಾನಕ ಭಾರವಲ್ಲ. ಯುಗಾದಿಯಂದು ಅದನ್ನು ಮಾಡುವ ಕೈಗಳು ಬಸವ ಜಯಂತಿಯಂದೂ ಅಲ್ಲೇ ಇರುತ್ತವೆ. ಅಟ್ಟದಿಂದ ಪಾತ್ರೆ ಇಳಿಸುವುದಷ್ಟೇ ಬಾಕಿ.